ಹೂಮಳೆಯ ಊರಿಂದ ಹೊಳೆಯ ಊರಿಗೆ

ಮಂಡ್ಯದ ಕಡೆ ಹುಟ್ಟಿದವರಿಗೆ ಕೊಡಗು ಎಂದರೆ ಮೊದಲು ಮಳೆ. ಜೂನ್ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಬೆಳಗಿನ ಪೇಪರ್ ಬಿಡಿಸುವುದೇ ಮಡಿಕೇರಿಯಲ್ಲಿ ಎಷ್ಟು ಸುರಿಯಿತು, ಕನ್ನಂಬಾಡಿಗೆ ಎಷ್ಟು ಹರಿದು ಬಂತು ಎಂದು ನೋಡಲಿಕ್ಕೆ. ಕನ್ನಂಬಾಡಿ ಕಟ್ಟೆ ತುಂಬುವ 124.80 ಅಡಿ ಎಂಬ ಅಂಕಿ ಓದು ಬರಹ ಬಾರದ ಅಜ್ಜಿಯರಿಗೂ ಬಾಯಿಪಾಠ. ಮಳೆ ಬರುವ ಊರಿನವರೂ ಮಳೆಗಾಗಿ ಆಕಾಶ ನೋಡುತ್ತ ಕೂರುತ್ತಾರೆ ಎಂಬುದು ನನಗೆ ತಿಳಿದದ್ದು ಕಾಫಿ ವ್ಯಾಪಾರದ ಕೆಲಸಕ್ಕೆಂದು ಸುಂಟಿಕೊಪ್ಪಕ್ಕೆ ಹೋದಾಗ.

ಫೆಬ್ರವರಿ ಕೊನೆ. ಕೊಯ್ಲು ಮುಗಿದು ಕಣದಲ್ಲಿ ಉಳಿದ ಕಾಫಿ ಚೆರಿ ಒಣಗುತ್ತಿತ್ತು. ಮೂಟೆಮೂಟೆಯಿಂದ ಹಿಡಿಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ನೋಡುವುದು ನನ್ನ ಕೆಲಸ. ಐವತ್ತು ಕೆಜಿ ಚೆರಿಗೆ 26 ಕೆಜಿ ಬೀಜ ಬಂತೋ 28 ಬಂತೋ ಎಂಬುದರ ಮೇಲೆ ದರ ನಿಲ್ಲುತ್ತದೆ. ಕೊನೆಯ ದಿನದ ತೋಟ ಮಾದಾಪುರ ರಸ್ತೆಯಲ್ಲಿತ್ತು. ತೂಕ ಮುಗಿದ ಮೇಲೆ ಅಲ್ಲಿ ಲೆಕ್ಕ ಬರೆಯುವ ರೈಟರ್ ಬೀರುವಿನಿಂದ ಮಳೆ ಪುಸ್ತಕ ತೆಗೆದರು. ರಟ್ಟಿನ ಹೊದಿಕೆ, ಮೂಲೆ ಸವೆದ ಹಾಳೆ, ದಿನಕ್ಕೊಂದು ಸಾಲು. ಲೆಕ್ಕವೆಲ್ಲ ಇಂಚು ಮತ್ತು ಅದರ ನೂರನೇ ಪಾಲಾದ ಸೆಂಟಿನಲ್ಲಿ. ಮೂರು ಕೈಬರಹ ಬದಲಾಗಿದ್ದವು, ಸಾಲು ಮಾತ್ರ ತಪ್ಪಿರಲಿಲ್ಲ.

“ಈಗ ಒಂದು ಇಂಚು ಬಿದ್ದರೆ ಸಾಕು ಸಾರ್, ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಇಪ್ಪತ್ತು ಸೆಂಟ್ ಬಿದ್ದು ನಿಂತುಬಿಟ್ಟರೆ ಮೊಗ್ಗು ಕೆಟ್ಟಂತೆಯೇ” ಎಂದರು. ಕಾಫಿಯ ಮೊಗ್ಗು ಅರಳಿಸುವ ಈ ಹೂಮಳೆ ಬಂದು ಎರಡು-ಮೂರು ವಾರಕ್ಕೆ ಬ್ಯಾಕಿಂಗ್ ಮಳೆಯೂ ಆಗಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಕೆರೆಯಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಕಾಯುತ್ತಾರೆ. 2018ರ ಆಗಸ್ಟ್ ಪುಟ ತೋರಿಸಿ ಎಂದೆ. ಅವರು ತೆಗೆದುಕೊಟ್ಟು ಸುಮ್ಮನಾದರು. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರಿನ ಗುಡ್ಡಗಳು ಕುಸಿದ ತಿಂಗಳು ಅದು. ಇಂಥ ಪುಸ್ತಕಗಳು ಕೊಡಗಿನ ಹಲವು ಹಳೆಯ ತೋಟಗಳಲ್ಲಿ ಇವೆ. ಗೆದ್ದಲು ತಿನ್ನುವ ಮೊದಲು ಯಾರಾದರೂ ಕೂತು ಅವನ್ನು ಒಟ್ಟು ಮಾಡಲೇಬೇಕು. ಕಾವೇರಿಯ ನಿಜವಾದ ಜಮಾಖರ್ಚು ಇರುವುದು ಅಲ್ಲಿ.

ಹೊರಡುವಾಗ ರೈಟರ್ ಒಂದು ಕೆಲಸ ಹೇಳಿದರು: “ಕಣಿವೆ ಊರಿನ ರಾಮಲಿಂಗೇಶ್ವರನ ಗುಡಿಗೆ ಹೋದರೆ ಹೂಮಳೆಗೆ ಅಂತ ಒಂದು ಅರ್ಚನೆ ಮಾಡಿಸಿ ಸಾರ್.”

ಆನೆಕಾಡಿನ ತೇಗದ ನಡುವೆ ಇಳಿದು, ಗುಡ್ಡೆಹೊಸೂರು ದಾಟಿ ಕುಶಾಲನಗರ ಸೇರಿದೆ. ರಥಬೀದಿಯಲ್ಲಿ ಗಣಪತಿಗೆ ಕೈಮುಗಿದು, ಕೊಪ್ಪದ ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಚೆ ಮೈಸೂರು ಜಿಲ್ಲೆ, ಈಚೆ ಕೊಡಗು, ನಡುವೆ ಬಂಡೆ ಕಾಣುವಷ್ಟು ಇಳಿದ ಕಾವೇರಿ ಹೊಳೆ. ದಡಕ್ಕೆ ತೀರಾ ಹತ್ತಿರ ಬಡಾವಣೆಗಳಿವೆ. 2018 ಮತ್ತು 2019ರಲ್ಲಿ ಈ ಮನೆಗಳಿಗೆ ನೀರು ನುಗ್ಗಿತ್ತು. ತಾಯಿ ಎಂದು ಆರತಿ ಎತ್ತುವ ಊರು ಅವಳ ಹಾದಿಯಲ್ಲೇ ಮನೆ ಕಟ್ಟಬಾರದಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಣಿವೆಯ ದಾರಿಯಲ್ಲಿ ಸಿಗುವ ಕೂಡಿಗೆಯಲ್ಲಿ ಹಾರಂಗಿ ಹೊಳೆ ಬಂದು ಕಾವೇರಿಯನ್ನು ಸೇರುತ್ತದೆ. ಸುಂಟಿಕೊಪ್ಪದ ಆ ತೋಟದ ಮಳೆಗಾಲದ ನೀರು ಬರುವುದು ಇದೇ ದಾರಿಯಲ್ಲಿ, ಹಾರಂಗಿ ಅಣೆಕಟ್ಟಿನಲ್ಲಿ ನಿಂತು, ನಾಲೆಗೆ ಪಾಲು ಕೊಟ್ಟು, ಉಳಿದದ್ದು. ಹೂಮಳೆಯ ನೀರು ಇಲ್ಲಿಯವರೆಗೆ ಬರುವುದಿಲ್ಲ, ಮಣ್ಣೇ ಕುಡಿದುಬಿಡುತ್ತದೆ. ಬೆಟ್ಟದವರು ತಮಗೆಂದು ಕೇಳುವ ಮಳೆ ಅದೊಂದೇ. ಜೂನ್‌ನಿಂದಾಚೆಗಿನದೆಲ್ಲ ಪಿರಿಯಾಪಟ್ಟಣದ, ಮಂಡ್ಯದ ಗದ್ದೆಗಳಿಗೆ.

ಕಣಿವೆಯ ರಾಮಲಿಂಗೇಶ್ವರನ ಗುಡಿಯಲ್ಲಿ ಅರ್ಚಕರು ಯಾರ ಹೆಸರಿಗೆ ಎಂದು ಕೇಳಿದರು. ತೋಟದ ಹೆಸರು ಹೇಳಿದೆ. ನಕ್ಷತ್ರ ಕೇಳದೆ ಮಂತ್ರ ಶುರು ಮಾಡಿದರು. ತೂಗುಸೇತುವೆ ದಾಟಿ ಆಚೆ ದಡದಿಂದ ಬಂದಿದ್ದ ಹೆಂಗಸೊಬ್ಬರು ತೀರ್ಥ ತಗೊಳ್ಳುತ್ತ, ನಾನು ಮೇಲಿಂದ ಬಂದವನೆಂದು ತಿಳಿದು ಕೇಳಿದರು:

“ಆ ಕಡೆ ಏನಾದ್ರೂ ಮಳೆ ಆಯ್ತಾ ಅಣ್ಣ?”

“ಇನ್ನೂ ಇಲ್ಲಮ್ಮ. ಅವರೂ ಕಾಯ್ತಾ ಇದ್ದಾರೆ.”