ಕಾಲ್ನಡಿಗೆಯ ಸಂಘ

ನಡೆಯುವುದನ್ನು ಕಲಿಯಲು ಮನುಷ್ಯನಿಗೆ ಒಂದು ವರ್ಷವಾದರೂ ಬೇಕು. ಅದನ್ನು ಮರೆಯಲು ಮುಂಬಯಿಯಂಥ ನಗರದಲ್ಲಿ ಅಷ್ಟು ಕಾಲವೂ ಬೇಡ. ಒಂದು ನಿಲ್ದಾಣದ ದೂರಕ್ಕೆ ಬಸ್ಸು, ತರಕಾರಿ ತರಲು ರಿಕ್ಷಾ, ಎರಡನೆಯ ಮಹಡಿಗೆ ಲಿಫ್ಟು! ಊರಿನಿಂದ ಬರುವ ಅಜ್ಜಂದಿರು ಇದನ್ನು ಕಂಡು ನಗುತ್ತಾರೆ. ಅವರ ಬಾಯಲ್ಲಿ ಕಾಲ್ನಡಿಗೆಗೆ 'ನಟರಾಜ ಸರ್ವಿಸ್' ಎಂದು ಹೆಸರು. ಆ ಗಾಡಿಗೆ ಟಿಕೇಟಿಲ್ಲ, ವೇಳಾಪಟ್ಟಿಯಿಲ್ಲ, ಕಂಡಕ್ಟರನ ಸಿಡುಕೂ ಇಲ್ಲ. ನಮ್ಮ ನುಡಿಯಲ್ಲಿ ನಡಿಗೆಗಿರುವ ಗೌರವವಾದರೂ ಸಾಮಾನ್ಯವೆ? ಒಬ್ಬನ ಗುಣವನ್ನು ಹೇಳಬೇಕಾದರೆ ಅವನ 'ನಡತೆ' ಎನ್ನುತ್ತೇವೆ. 'ನಡೆ ನುಡಿ' ಎನ್ನುವಾಗ ನಡೆಯನ್ನೇ ಮುಂದಿಡುತ್ತೇವೆ. ದಾಸರು ಕಾಲಿಗೆ ಗೆಜ್ಜೆ ಕಟ್ಟಿ ಊರೂರು ನಡೆದರು. ಆಷಾಢ ಬಂತೆಂದರೆ ವಾರಕರಿಗಳು ಪಂಢರಪುರಕ್ಕೆ ಇಂದಿಗೂ ನಡೆದೇ ಹೋಗುತ್ತಾರೆ.

ಆದರೆ ನಗರದ ನಡಿಗೆಯಲ್ಲಿ ಭಕ್ತಿಗಿಂತ ಭಯವೇ ಹೆಚ್ಚು. ಕಳೆದ ವರ್ಷ ಏಳನೆಯ ತರಗತಿಯ ಒಬ್ಬ ಗೆಳತಿ ನಮ್ಮ ಶಾಲೆಯನ್ನೇ ಬಿಡುವ ಸ್ಥಿತಿಗೆ ಬಂದಿದ್ದಳು. ಅವಳ ತಂದೆ ಹೋಟೆಲಿನಲ್ಲಿ ದುಡಿಯುವವರು. ಬೆಳಕು ಹರಿಯುವ ಮುನ್ನವೇ ಹೊರಟುಬಿಡುತ್ತಾರೆ. ತಾಯಿಗೆ ಕೈಕೂಸು. ನಡುವೆ ಆ ದೊಡ್ಡ ರಸ್ತೆ. "ಮನೆಯ ಹತ್ತಿರದ ಬೇರೆ ಶಾಲೆಗೇ ಹಾಕುತ್ತೇವೆ. ಕನ್ನಡ ಹೋದರೆ ಹೋಗಲಿ, ಮಗು ನೆಟ್ಟಗೆ ಮನೆ ಸೇರಿದರೆ ಸಾಕು" ಎಂದು ಆ ತಾಯಿ ನಮ್ಮ ಅಧ್ಯಾಪಿಕೆಯವರೊಡನೆ ಹೇಳಿದಾಗ ನಾವು ಬಾಗಿಲಲ್ಲೇ ನಿಂತಿದ್ದೆವು. ಆ ಮಾತನ್ನು ತಪ್ಪೆನ್ನಲು ಯಾರಿಂದಲೂ ಆಗಲಿಲ್ಲ.

ಅಂದೇ ಅಧ್ಯಾಪಿಕೆಯವರು ಆ ದಿಕ್ಕಿನಿಂದ ಬರುವ ನಮ್ಮೆಲ್ಲರ ಹೆಸರುಗಳನ್ನು ಬರೆದುಕೊಂಡರು. ಎಣಿಸಿದರೆ ಒಂಬತ್ತು ಮಂದಿ! ಅಷ್ಟು ದಿನವೂ ಒಂಬತ್ತು ಮಂದಿ ಒಂದೇ ದಾರಿಯಲ್ಲಿ ಬೇರೆ ಬೇರೆಯಾಗಿ ಹೆದರಿಕೊಂಡು ಬರುತ್ತಿದ್ದೆವು. ಮರುವಾರದಿಂದ ನಮ್ಮ ಸಾಲು ಹೊರಟಿತು. ಎಲ್ಲರಿಗಿಂತ ದೂರದ ಚಾಳಿನಿಂದ ಆರೂವರೆಗೆ ಹೊರಟು, ಮೂಲೆಮೂಲೆಯಲ್ಲಿ ಕಾದು ನಿಂತವರನ್ನು ಕೂಡಿಸಿಕೊಳ್ಳುತ್ತ, ಜೋಡಿಜೋಡಿಯಾಗಿ ನಡೆಯುವುದು. ಚಿಕ್ಕವರು ರಸ್ತೆಯಿಂದ ಒಳಬದಿಗೆ, ದೊಡ್ಡವರು ಹೊರಬದಿಗೆ. ಮುಂದೆ ಒಬ್ಬರ ಅಜ್ಜಿ, ಹಿಂದೆ ಇನ್ನೊಬ್ಬರ ಚಿಕ್ಕಪ್ಪ. ಅಜ್ಜಿ ಕೈಯೆತ್ತಿದರೆ ಲಾರಿಯೂ ನಿಲ್ಲುತ್ತದೆ. ಹಾದಿಯಲ್ಲಿ ಮಗ್ಗಿ, ಪದ್ಯ, ಜಗಳ, ರಾಜಿ ಎಲ್ಲವೂ ಮುಗಿಯುತ್ತವೆ. ಹೂ ಮಾರುವ ಮಾವಶಿ ನಮ್ಮನ್ನು ಎಣಿಸಿ, ಒಬ್ಬರು ಕಡಿಮೆಯಾದರೂ ಕಾರಣ ಕೇಳುತ್ತಾರೆ. ಮಳೆಗಾಲದಲ್ಲಿ ನೀರು ಮೊಳಕಾಲಿಗೆ ಬಂದ ದಿನ ಮಾತ್ರ ಸಾಲಿಗೆ ರಜೆ. ಆ ಗೆಳತಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ, ನಮ್ಮ ಶಾಲೆಯಲ್ಲೇ.

ಇಂಥ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರೂ ಉಂಟು. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1974ರಿಂದ 'ಸಿಕ್ಲೋವಿಯಾ' ಎಂಬ ಪದ್ಧತಿಯಿದೆ. ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ರಸ್ತೆಗಳಲ್ಲಿ ಮೋಟಾರುಗಳಿಗೆ ಪ್ರವೇಶವಿಲ್ಲ. ರಸ್ತೆಯೆಲ್ಲ ನಡೆಯುವವರದು, ಬೈಸಿಕಲ್ಲಿನವರದು. ನಮ್ಮ ದೇಶದ ಗುರುಗ್ರಾಮದಲ್ಲಿ 2013ರಲ್ಲಿ 'ರಾಹಗಿರಿ' ಎಂಬ ಹೆಸರಿನಲ್ಲಿ ಇದೇ ಬಗೆಯ ಉತ್ಸವ ಪ್ರಾರಂಭವಾಯಿತು. ನಮ್ಮ ಮುಂಬಯಿಯಲ್ಲೂ 2022ರ ಮಾರ್ಚಿಯಲ್ಲಿ ಪೊಲೀಸರೇ ಮುಂದಾಗಿ ಕೆಲವು ರಸ್ತೆಗಳನ್ನು ಭಾನುವಾರದ ಬೆಳಗಿನ ಹೊತ್ತು ಜನರಿಗೆ ಬಿಟ್ಟುಕೊಟ್ಟರು.

ನಮ್ಮ ಮನಸ್ಸಿಗೆ ಇವೆಲ್ಲಕ್ಕಿಂತ ಹಿಡಿಸಿದ ಕತೆ ತಮಿಳುನಾಡಿನ ಪುದುಕ್ಕೋಟ್ಟೆಯದು. 1991ರಲ್ಲಿ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಅಕ್ಷರ ಚಳವಳಿ ನಡೆಯಿತು. ಅಂದಿನ ಕಲೆಕ್ಟರರಾದ ಶೀಲಾ ರಾಣಿ ಚುಂಕತ್ ಅವರು ಅಕ್ಷರದೊಡನೆ ಬೈಸಿಕಲ್ಲನ್ನೂ ಸೇರಿಸಿದರು. ಹೊಲದಲ್ಲಿ, ಕಲ್ಲುಗಣಿಯಲ್ಲಿ ದುಡಿಯುವ ಸಾವಿರಾರು ಹೆಂಗಸರು ಸವಾರಿ ಕಲಿತರು. ಮೊದಲು ಜನ ಆಡಿಕೊಂಡರು, ಆಮೇಲೆ ಸುಮ್ಮನಾದರು. ಹೆಂಗಸರ ಬೈಸಿಕಲ್ಲುಗಳು ಸಾಲದೆ ಹೋದಾಗ ಗಂಡಸರ ಬೈಸಿಕಲ್ಲನ್ನೇ ಕೊಂಡರು. ನಡುವಣ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ಬಸ್ಸಿಗಾಗಿ, ಗಂಡನಿಗಾಗಿ, ಅಣ್ಣನಿಗಾಗಿ ಕಾಯುತ್ತಿದ್ದವರು ತಾವೇ ನೀರು ತಂದರು, ಸಂತೆಗೆ ಹೋದರು. ಪತ್ರಕರ್ತ ಪಿ. ಸಾಯಿನಾಥರು ಈ ವೃತ್ತಾಂತವನ್ನು ಲೋಕಕ್ಕೆ ತಿಳಿಸಿದ್ದಾರೆ.

ಆದರೂ ಒಂದು ಮಾತನ್ನು ಹೇಳಲೇಬೇಕು. ಭಾನುವಾರದ ಉತ್ಸವ ಭಾನುವಾರಕ್ಕೇ ಮುಗಿದರೆ ಸೋಮವಾರ ಶಾಲೆಗೆ ಹೊರಟ ಮಗುವಿಗೆ ಏನು ಪ್ರಯೋಜನ? ನಮಗೆ ಬೇಕಾದುದು ಒಡೆಯದ ಕಾಲುದಾರಿ, ಸಂಜೆ ಉರಿಯುವ ದೀಪ, ಮುದುಕರೂ ದಾಟಿ ಮುಗಿಸುವಷ್ಟು ಹೊತ್ತು ನಿಲ್ಲುವ ಸಿಗ್ನಲ್ಲು. ಕಾಲುದಾರಿಯ ಮೇಲೆ ಬುಟ್ಟಿಯಿಟ್ಟು ಬದುಕುವ ಬಡವರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ನಾವೂ ಹೇಗೋ ಸರಿದು ನಡೆಯಬಲ್ಲೆವು. ಅಲ್ಲಿ ಮೋಟಾರು ನಿಲ್ಲಿಸಿ ಬೀಗ ಹಾಕಿ ಹೋಗುವವರೊಡನೆ ಸರಿದಾಡುವುದು ಹೇಗೆ? ಪಾದಚಾರಿಗೆ ಕಾಲುದಾರಿ ಬೇಕೆಂಬುದು ಬರಿಯ ಬೇಡಿಕೆಯಲ್ಲ. ಅದು ಸಂವಿಧಾನದ 21ನೆಯ ಅನುಚ್ಛೇದದ ಬದುಕುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ.

ಹಕ್ಕನ್ನು ಕೊಡಬೇಕಾದವರು ಕೊಡಲಿ. ಅಲ್ಲಿಯವರೆಗೆ ಕೈ ಕಟ್ಟಿ ಕೂರುವುದು ಬೇಡ. ಕಿರಿಯ ಗೆಳೆಯರೇ, ನಿಮ್ಮ ದಾರಿಯಲ್ಲಿ ಬರುವವರು ಎಷ್ಟು ಮಂದಿಯೆಂದು ಒಮ್ಮೆ ಎಣಿಸಿ ನೋಡಿರಿ. ಮೂವರಾದರೂ ಸಾಲಾಗುತ್ತದೆ. ಬೈಸಿಕಲ್ಲುಳ್ಳವರು ಸಾಲಿನ ಜೊತೆಗೆ ಇಳಿದು ತಳ್ಳಿಕೊಂಡು ಬರಲಿ. ಅಜ್ಜಿಯ ಚೀಲವನ್ನು ಅದರ ಮೇಲೆ ಇಡಬಹುದು. ಹೆಸರುಗಳ ಆ ಪುಸ್ತಕ ಅಧ್ಯಾಪಿಕೆಯವರ ಮೇಜಿನ ಮೇಲೆಯೇ ಇದೆ. ಅದರಲ್ಲಿ ಇನ್ನೂ ಬಹಳ ಪುಟಗಳು ಖಾಲಿ ಇವೆ.