ದೈಕೊಕುಗೆ ಇಳಿಯುವ ಮುನ್ನ ಚಕ್ರದ ಲೆಕ್ಕ

ಜಪಾನಿನ ಯೊಕೊಹಾಮಾ ಬಂದರಿನ ಕೃತಕ ದ್ವೀಪದಲ್ಲಿದೆ ದೈಕೊಕು ಪಾರ್ಕಿಂಗ್ ಏರಿಯಾ. ಕಾರಲ್ಲಿ ಬರೋಕೆ ಎಕ್ಸ್‌ಪ್ರೆಸ್‌ವೇ ಒಂದೇ ದಾರಿ. ಸುರುಳಿ ರಸ್ತೆಯಲ್ಲಿ ಸುತ್ತಿ ಸುತ್ತಿ ಕೆಳಗಿಳಿಯಬೇಕು. ವಾರಾಂತ್ಯದ ರಾತ್ರಿ ಇಲ್ಲಿ ತಗ್ಗಿಸಿದ ಸ್ಪೋರ್ಟ್ಸ್ ಕಾರುಗಳದ್ದೇ ಜಾತ್ರೆ. ಎಲ್ಲರ ಕಣ್ಣೂ ಚಕ್ರದ ಮೇಲೆ.

ಟೊಯೊಟಾ 86 ಅನ್ನೇ ನೋಡಿ. 17 ಇಂಚಿನ ರಿಮ್‌ಗೆ ಕಂಪನಿ ಕೊಟ್ಟ ಟೈರು 215/45. ವ್ಯಾಸ ಸುಮಾರು 625 ಮಿ.ಮೀ. ರಿಮ್ 18 ಇಂಚಿಗೆ ಏರಿಸಿ 225/40 ಹಾಕಿದ್ರೆ ವ್ಯಾಸ 637 ಆಗಿ, ಟೈರು ಫೆಂಡರಿಗೆ 6 ಮಿ.ಮೀ. ಹತ್ತಿರವಾಗುತ್ತೆ. 215/40 ಆದ್ರೆ 2 ಮಿ.ಮೀ. ಮಾತ್ರ.

ಅಗಲದ್ದು ಬೇರೆಯೇ ಲೆಕ್ಕ. 7 ಇಂಚು ಅಗಲ, 48 ಆಫ್‌ಸೆಟ್‌ನ ರಿಮ್ ತೆಗೆದು 8.5 ಇಂಚು, 45 ಆಫ್‌ಸೆಟ್‌ನದ್ದು ಕೂರಿಸಿದ್ರೆ ಹೊರ ಅಂಚು 22 ಮಿ.ಮೀ. ಆಚೆಗೂ, ಒಳ ಅಂಚು 16 ಮಿ.ಮೀ. ಸಸ್ಪೆನ್ಶನ್ ಕಡೆಗೂ ಸರಿಯುತ್ತೆ.

ನಿಂತ ಕಾರಲ್ಲಿ ಎಲ್ಲವೂ ಚೆಂದ. ಸುರುಳಿಯಲ್ಲಿ ಭಾರ ಒಂದು ಬದಿಗೆ ವಾಲಿ ಸ್ಪ್ರಿಂಗ್ ಕುಗ್ಗಿದಾಗ ಟೈರು ಫೆಂಡರಿಗೆ ಉಜ್ಜಬಹುದು. ಉಜ್ಜಿ ಉಜ್ಜಿ ಸೀಳಿದ್ರೆ ಹಿಂದೆ ಬರೋರಿಗೂ ಅಪಾಯ. ಜಪಾನಿನ ಕಡ್ಡಾಯ ವಾಹನ ತಪಾಸಣೆ ‘ಶಾಕೆನ್’ ಕೂಡ ರಿಮ್ ಬಾಡಿಯಿಂದ ಆಚೆ ಚಾಚೋದನ್ನು ಒಪ್ಪಲ್ಲ.

ಹಾಗಾಗಿ ಸೀಟು ತುಂಬಾ ಜನ ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಅಳತೆ ನೋಡಿ. ದೈಕೊಕುಗೆ ಇಳಿಸಿದ ಚಕ್ರವೇ ಮನೆಗೂ ಮುಟ್ಟಿಸಬೇಕು.