ನಾಲಬಂದರ ಮನೆಯವರು ಕಂಡ ಕುದುರೆ

ಕೋಡ್ಲಾದಲ್ಲಿ ನಮ್ಮ ಮನೆಗೆ ಬೇರೆ ಗುರುತು ಬೇಕಿರಲಿಲ್ಲ. ನಾಲಬಂದರ ಮನೆ ಎಂದರೆ ಸಾಕಿತ್ತು. ಸೇಡಂ ಸಂತೆಗೆ ಹೊರಟ ಎತ್ತುಗಳು, ಸ್ಟೇಷನ್ನಿಗೆ ಸವಾರಿ ಹೊಡೆಯುವ ಟಾಂಗಾದ ಕುದುರೆಗಳು, ಎಲ್ಲವೂ ಅಬ್ಬಾನ ಎದುರು ಕಾಲೆತ್ತಿದವೇ. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿಯುವ ಮೊದಲೇ ನಾವು ನಾಲದ ಮೊಳೆ ಎಣಿಸಲು ಕಲಿತಿದ್ದೆವು. ರೇಸಿನ ಮಾತು ಮಾತ್ರ ನಮ್ಮಲ್ಲಿ ಏಳುತ್ತಿರಲಿಲ್ಲ. ಕುದುರೆ ಓಡಿಸುವುದು ಸರಿ, ಅದರ ಮೇಲೆ ಹಣ ಕಟ್ಟುವುದು ಹರಾಮ್ ಎಂದು ದಾದಿ ಅಷ್ಟರಲ್ಲೇ ಮುಗಿಸಿಬಿಡುತ್ತಿದ್ದರು.

ಹೀಗಿದ್ದೂ ಒಂದು ರೇಸಿನ ಕುದುರೆ ನಮ್ಮ ಮನೆಯ ಮಾತಿನೊಳಗೆ ಬಂದು ನಿಂತಿತು. ಆಸ್ಟ್ರೇಲಿಯಾದ ಹೆಣ್ಣುಕುದುರೆ, ಹೆಸರು ಬ್ಲ್ಯಾಕ್ ಕೇವಿಯರ್. 2006ರ ಆಗಸ್ಟ್ 18ರಂದು ಹುಟ್ಟಿದ್ದು. ಪೀಟರ್ ಮೂಡಿ ಎಂಬ ತರಬೇತುದಾರ ಅದನ್ನು ಮರಿಯಿದ್ದಾಗಲೇ 2,10,000 ಡಾಲರಿಗೆ ಕೊಂಡ. 2009ರಿಂದ 2013ರವರೆಗೆ ಅದು ಓಡಿದ್ದು 25 ರೇಸು, ಗೆದ್ದದ್ದೂ 25. ಸೋಲೆಂಬುದನ್ನೇ ಕಾಣದೆ ಲಾಯಕ್ಕೆ ಮರಳಿತು.

ಆ 25ರಲ್ಲಿ ನಾವು ಮತ್ತೆ ಮತ್ತೆ ನೋಡಿದ್ದು ಒಂದನ್ನೇ. 2012ರ ಜೂನ್ 23, ಇಂಗ್ಲೆಂಡಿನ ರಾಯಲ್ ಆಸ್ಕಟ್. ಅಷ್ಟು ದೂರದ ವಿಮಾನ ಪ್ರಯಾಣಕ್ಕೆಂದು ಕುದುರೆಗೆ ಮೈತುಂಬ ಬಿಗಿಯಾದ ಅಂಗಿ ತೊಡಿಸಿದ್ದರು. ಸುಮಾರು 1,200 ಮೀಟರಿನ ಓಟ. ಗೆದ್ದೆವೆಂದುಕೊಂಡು ಜಾಕಿ ಲ್ಯೂಕ್ ನೋಲನ್ ಕಂಬ ಬರುವ ಮೊದಲೇ ಕೈ ಸಡಿಲಿಸಿದ. ಪಕ್ಕದಲ್ಲಿ ಫ್ರಾನ್ಸಿನ ಮೂನ್‌ಲೈಟ್ ಕ್ಲೌಡ್ ನುಗ್ಗಿ ಬಂತು. ಬ್ಲ್ಯಾಕ್ ಕೇವಿಯರ್ ಗೆದ್ದದ್ದು ಬರೀ ಒಂದು ತಲೆಯಷ್ಟು ಅಂತರದಲ್ಲಿ. ಆಮೇಲೆ ಪರೀಕ್ಷಿಸಿದರೆ ಅದರ ಸ್ನಾಯುಗಳು ಹರಿದಿದ್ದವು. ಜನ ಜಾಕಿಯನ್ನು ಬೈದರು, ರಾಣಿ ಎಲಿಜಬೆತ್ ಬಂದು ಕುದುರೆಯ ಮುಖ ಸವರಿದರು. ನಮ್ಮ ಕಣ್ಣು ಹೋದದ್ದು ಬೇರೆ ಕಡೆಗೆ. ಐದುನೂರು ಕಿಲೋ ದಾಟಿದ ಮೈ ಆ ವೇಗದಲ್ಲಿ ಒಂದೊಂದು ಗಳಿಗೆ ಒಂದೇ ಗೊರಸಿನ ಮೇಲೆ ಇಳಿಯುತ್ತದೆ. ರೇಸಿನ ಕುದುರೆಗೆ ಕಬ್ಬಿಣವಲ್ಲ, ಹಗುರಾದ ಅಲ್ಯೂಮಿನಿಯಮ್ ನಾಲ ಎಂದು ಹೇಳಿದಾಗ ಅಬ್ಬಾ ನಂಬಲಿಲ್ಲ. "ಪಾತ್ರೆ ಮಾಡುವುದಲ್ಲವೇ ಅದು?"

ಈಗ 1990ರ ಮಾತು ಹೇಳಬೇಕು. ನಮಗೆ ಆಗ ಹತ್ತು ವರ್ಷ. ಒಬ್ಬ ಟಾಂಗಾದವನ ಬಳಿ ಕೆಂಚು ಬಣ್ಣದ ಹೆಣ್ಣುಕುದುರೆಯಿತ್ತು. ಹೈದರಾಬಾದಿನ ಮಲಕಪೇಟೆಯಲ್ಲಿ ರೇಸು ಓಡಿದ್ದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಟಾಂಗಾದವರೆಲ್ಲ ಹೇಳುವುದೇ ಹಾಗೆ ಎಂದು ಅಬ್ಬಾ ನಗುತ್ತಿದ್ದರು. ಅದು ಮರಿ ಹಾಕಿತು. ಮಾಸು ಮಾರನೇ ದಿನ ಬಿತ್ತು, ಅದೂ ಹರಕು ಹರಕಾಗಿ. ನಾಲ್ಕೈದು ದಿನಕ್ಕೆ ಕುದುರೆ ನಿಲ್ಲುವ ರೀತಿಯೇ ಬದಲಾಯಿತು. ಮುಂಗಾಲು ಮುಂದೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಅಬ್ಬಾ ಗೊರಸಿನ ಮೇಲೆ ಅಂಗೈ ಇಟ್ಟರು.

"ಒಳಗ ಬೆಂಕಿ ಹತ್ತ್ಯಾದ. ಟಾಂಗಾ ಕಟ್ಟಬ್ಯಾಡಪ. ಹಸಿ ಮಣ್ಣಿನ್ಯಾಗ ನಿಂದ್ರಸು."

"ಲಗ್ನದ ದಿನಾ ಅದಾವ ಚಾಚಾ. ನಾಲ ಸವದಾವ, ಅದಕ್ಕ ಕುಂಟತದ. ಹೊಸಾವ ಬಡೀರಿ, ಓಡ್ತದ."

ಆ ವಾರ ನಮ್ಮ ಮನೆಯಲ್ಲಿ ಜೋಳದ ಡಬ್ಬಿ ತಳ ಕಂಡಿತ್ತು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸುತ್ತಿಗೆ ತೆಗೆದುಕೊಂಡರು. ಕುದುರೆಯ ಕಾಲು ಹಿಡಿದವರು ನಾವೇ. ಪ್ರತಿ ಏಟಿಗೂ ಅದರ ಮೈ ನಡುಗುವುದು ನಮ್ಮ ತೋಳಿಗೆ ತಿಳಿಯುತ್ತಿತ್ತು. ಹತ್ತು ದಿನದೊಳಗೆ ಅದು ಸೇಡಂ ದಾರಿಯಲ್ಲಿ ಕುಸಿದು ಕುಳಿತಿತು, ಮತ್ತೆ ಏಳಲಿಲ್ಲ. ಮರಿಯನ್ನು ಯಾರೋ ಚಿತ್ತಾಪುರದ ಕಡೆಯವರು ಕೊಂಡೊಯ್ದರು. ಅಬ್ಬಾ ಆ ಕುದುರೆಯ ಹೆಸರೆತ್ತಲಿಲ್ಲ. ನಾವು ಇಷ್ಟು ಕಥೆ ಬರೆದೆವು, ಇದನ್ನು ಮಾತ್ರ ಬರೆಯಲಿಲ್ಲ.

2024ರ ಆಗಸ್ಟ್ 17ರಂದು, ಹದಿನೆಂಟು ತುಂಬಲು ಒಂದೇ ದಿನ ಇರುವಾಗ, ಬ್ಲ್ಯಾಕ್ ಕೇವಿಯರ್ ಸತ್ತಿತು. ಮರಿ ಹಾಕಿದ ಬೆನ್ನಿಗೇ. ಕಾಯಿಲೆ ಲ್ಯಾಮಿನೈಟಿಸ್. ಗೊರಸಿನ ಗೋಡೆಗೂ ಒಳಗಿನ ಎಲುಬಿಗೂ ನಡುವೆ ಪುಸ್ತಕದ ಹಾಳೆಯಂಥ ತೆಳು ಪದರಗಳು ಹೆಣೆದುಕೊಂಡಿರುತ್ತವೆ. ಕುದುರೆಯ ಇಡೀ ಭಾರ ಆ ಹಿಡಿತದಲ್ಲಿದೆ. ಮೈಯಲ್ಲೆಲ್ಲೋ ಸೋಂಕು ತಗುಲಿದರೆ, ಕಾಳು ವಿಪರೀತ ತಿಂದರೆ, ಮಾಸು ಒಳಗೆ ಉಳಿದರೆ ಪದರಗಳು ಉರಿಗೊಂಡು ಹಿಡಿತ ಬಿಡುತ್ತವೆ. ಎಲುಬು ಗೊರಸಿನೊಳಗೇ ತಿರುಗಿ ಕೆಳಕ್ಕೆ ಜಗ್ಗುತ್ತದೆ. ಸುಮಾರು 80 ಲಕ್ಷ ಡಾಲರ್ ಗೆದ್ದು ತಂದ ಕುದುರೆ, ಸುತ್ತ ಒಳ್ಳೊಳ್ಳೆಯ ವೈದ್ಯರು, ಆದರೂ ಉಳಿಯಲಿಲ್ಲ. ಓದುತ್ತ ನಮಗೆ ಒಂದು ಗಳಿಗೆ ಸಮಾಧಾನವಾಯಿತು, ಸುಳ್ಳೇಕೆ ಹೇಳಬೇಕು. ಮರುಗಳಿಗೆಗೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಅಲ್ಲಿ ಯಾರೂ ಬೆಂಕಿ ಹತ್ತಿದ ಗೊರಸಿಗೆ ಮೊಳೆ ಹೊಡೆದು ಗಾಡಿಗೆ ಕಟ್ಟಿರಲಿಲ್ಲ.

ಅಬ್ಬಾನಿಗೆ ಸುದ್ದಿ ಹೇಳಿದೆವು. ಕಿವಿ ಮಂದವಾಗಿದೆ, ಎರಡು ಸಲ ಹೇಳಬೇಕಾಯಿತು.

"ವಯಸ್ಸೆಷ್ಟು?"

"ಮರುದಿನಕ್ಕೆ ಹದಿನೆಂಟು ತುಂಬುತ್ತಿತ್ತು."

ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

"ನಮ್ಮದಕ್ಕೆ ಒಂಬತ್ತೂ ಆಗಿರಲಿಲ್ಲ" ಎಂದರು. "ನಾನು ಹಲ್ಲು ನೋಡಿದ್ದೆ."